ಹತ್ತು ನಿಮಿಷ ಮುಂದಿನ ಗಡಿಯಾರ

ಹೋಮ್‌ವರ್ಕು ಒಂದೇ ಸಾಲು: 'ಫಾಸ್ಟ್' ಎಂಬ ವಿಶೇಷಣಕ್ಕೆ
ಎಷ್ಟು ಅರ್ಥ ಸಿಕ್ಕೀತೋ ಅಷ್ಟನ್ನೂ ಬರೆದು ತಾ.
ಮೊರಾಗ್ 'ಬೇಗನೆ ಓಡುವ' ಎಂದು ಬರೆದಳು,
ಬರೆದದ್ದೂ ಹಾಗೇ. ಆಮೇಲೆ
ಪೆನ್ಸಿಲ್ ಕಚ್ಚಿ ಕೂತಳು.

ಅಜ್ಜಿ ಎಲ್‌ಸ್ಪೆತ್ ಹ್ಯಾಡಕ್ ಮೀನಿನ ಬಾಲಕ್ಕೆ ಬಾಲ ಬಿಗಿಯುತ್ತಿದ್ದಳು,
ಜೋಡಿ ಜೋಡಿಯಾಗಿ, ನಾಳೆಯ ಹೊಗೆಗೂಡಿಗೆ.
ಅರ್ಬ್ರೋತ್ ಬಂದರಿನ ಗಾಳಿ
ಬಾಗಿಲ ಸಂದಿಯಲ್ಲಿ ಮೂಗು ತೂರಿಸುತ್ತಿತ್ತು.
"ನೋಡು, ಇದು ಫಾಸ್ಟ್," ಅಂದಳು ದಾರ ಜಗ್ಗಿ.
"ಅಲ್ಲಾಡದೆ ಇರೋದು."
"ಓಡೋದೂ ಅದೇ, ಅಲ್ಲಾಡದ್ದೂ ಅದೇನಾ?"
"ಸಮುದ್ರದವರ ಮಾತು ಕಣೇ. ನಮಗೆ ಎರಡೂ ಬೇಕಿತ್ತು."

ಆಮೇಲೆ ಬಣ್ಣದ ಕತೆ ಬಂತು.
ಮದುವೆಯ ವರ್ಷ ಆರ್ಚಿಗೆ ಅವಳು ಹೆಣೆದ ಸ್ವೆಟರು,
ಅಂಗಡಿಯವನು ಫಾಸ್ಟ್ ಎಂದು ಆಣೆಯಿಟ್ಟ ನೀಲಿ.
ಮೊದಲ ಮಳೆಗೇ ನೀಲಿ ಕೊರಳಿಗಿಳಿದು
ಚರ್ಚಿನಲ್ಲಿ, ಪ್ರಾರ್ಥನೆಯ ನಡುವೆ,
ಪಾದ್ರಿ ಒಂದು ಕಣ್ಣು ತೆರೆದು ನೋಡಿದ್ದ.
ಉಣ್ಣೆಯಲ್ಲಿ ನಿಲ್ಲದ ಬಣ್ಣ
ಚರ್ಮದಲ್ಲಿ ನಿಂತಿತು ಹದಿನೈದು ದಿನ.

ಎಫಿ ದೊಡ್ಡಮ್ಮನನ್ನು ಊರು ಫಾಸ್ಟ್ ಎಂದದ್ದು ಬೇರೆ ದನಿಯಲ್ಲಿ,
ಬಾಯಿಗೆ ಕೈ ಅಡ್ಡ ಹಿಡಿದು.
ಶನಿವಾರ ಡಂಡೀಗೆ ಕುಣಿಯಲು ಹೋಗುತ್ತಿದ್ದಳು, ಮೋಟಾರ್‌ಸೈಕಲ್ಲಿನಲ್ಲಿ.
ಪಾಪ, ಆ ಡಬ್ಬಾ ಗಾಡಿ
ಗಂಟೆಗೆ ಮೂವತ್ತು ಮೈಲಿ ದಾಟಿದ್ದಿಲ್ಲ.
"ಇದನ್ನೂ ಬರೀಲಾ?"
"ಬರಿ. ಗಂಡಸರಿಗೆ ಈ ಅರ್ಥ ಯಾಕೆ ಅಂಟಲಿಲ್ಲ
ಅಂತ ನಿಮ್ಮ ಟೀಚರನ್ನೇ ಕೇಳು."

ಮೊರಾಗ್ ನಕ್ಕಳು, ಬರೆದಳು, ಆಕಳಿಸಿದಳು.
ಹಾಗಾಗಿ ಮುಂದಿನದನ್ನು ಅಜ್ಜಿ ಹೇಳಿದ್ದು
ಹೆಚ್ಚಾಗಿ ಮೀನುಗಳಿಗೆ.

ಮೀನು ಕಮ್ಮಿ, ದೋಣಿ ಜಾಸ್ತಿ ಎಂದು ಲೆಕ್ಕ ಹಾಕಿದ ಸರಕಾರ
ಒಡೆಸಿಕೊಂಡವರಿಗೆ ದುಡ್ಡು ಕೊಟ್ಟ ವರ್ಷ ಅದು.
ಸೀ ಲಿಂಟಿಯನ್ನು ಕಟ್ಟಲು ಹದಿನೆಂಟು ತಿಂಗಳು ಹಿಡಿದಿತ್ತು,
ಲಾರ್ಚ್ ಹಲಗೆ, ಓಕ್ ಪಕ್ಕೆಲುಬು.
ಜೆಸಿಬಿಯ ಹಲ್ಲಿಗೆ ನಲವತ್ತು ನಿಮಿಷ.
"ನಮ್ಮ ಹುಡುಗರು ಫಾಸ್ಟು," ಅಂದ ಗುತ್ತಿಗೆದಾರ,
ಹೊಗಳಿಕೆಗೇ ಅಂದದ್ದು. ಕೆಟ್ಟವನೇನಲ್ಲ.
ಬೆಳಿಗ್ಗೆ ದೋಣಿಯ ಹಗ್ಗ ಬಿಚ್ಚಪ್ಪಾ ಎಂದಾಗ
ಆರ್ಚಿ ಕೈ ಕೋಟಿನ ಜೇಬಿನಲ್ಲೇ ಇಟ್ಟುಕೊಂಡ.
ನಾನು ಬಿಗಿದ ಗಂಟು, ನಾನು ಬಿಚ್ಚೋಲ್ಲ.
ಅವರು ಕೊಯ್ದರು.
ಕಬ್ಬಿಣದ ಬಳೆಯಲ್ಲಿ ಉಳಿದ ಮೊಳದುದ್ದ ತುಂಡು
ಮೂರು ಚಳಿಗಾಲ ಹಾಗೇ ಇತ್ತು,
ಹಿಡಿಯಲು ಏನೂ ಇಲ್ಲದೆ, ಹಿಡಿತ ಬಿಡದೆ.
ಸಂಜೆ ಅವನು ಹೋಗಿ ಬೂಟಿನ ತುದಿಯಿಂದ ಮುಟ್ಟಿ ಬರುತ್ತಿದ್ದ.

ತಿರುಗಿ ನೋಡಿದರೆ ಹುಡುಗಿ ಮೇಜಿನ ಮೇಲೆ ಕೆನ್ನೆಯೂರಿ
ಮಲಗಿಬಿಟ್ಟಿದ್ದಾಳೆ, ಕೈಯಲ್ಲಿ ಪೆನ್ಸಿಲ್.
ಎಲ್‌ಸ್ಪೆತ್ ಪುಸ್ತಕವನ್ನು ಮೆಲ್ಲನೆ ಎಳೆದುಕೊಂಡು
ಕೊನೆಗೆ ತನ್ನದೊಂದು ಸಾಲು ಸೇರಿಸಿದಳು:
ಫಾಸ್ಟ್ ಅಸ್ಲೀಪ್. ಗಾಢ ನಿದ್ದೆ. ಉದಾಹರಣೆ, ಮೊರಾಗ್.

(ಸೋಮವಾರ ಅದಕ್ಕೆ ಕೆಂಪು ಗೀಟು ಬೀಳುತ್ತದೆ:
ಇದು ವಿಶೇಷಣವಲ್ಲ, ಕ್ರಿಯಾವಿಶೇಷಣ. ಅರ್ಧ ಮಾರ್ಕು ಖೋತಾ.)

ಗೋಡೆಯ ಗಡಿಯಾರ ಒಂಬತ್ತು ಅಂತು.
ಒಂಬತ್ತಾಗಿರಲಿಲ್ಲ. ಭರತ ತಪ್ಪದಿರಲೆಂದು ಆರ್ಚಿ
ಹತ್ತು ನಿಮಿಷ ಮುಂದೆ ತಿರುಗಿಸಿಟ್ಟಿದ್ದ ಮುಳ್ಳು.
ಅವನು ಹೋಗಿ ಆರು ವರ್ಷ; ದೋಣಿ ಅದಕ್ಕೂ ಮೊದಲು.
ಭರತ ಮಾತ್ರ ಬರುತ್ತದೆ, ಯಾರಿಗೂ ಕಾಯದೆ.
ಮುಳ್ಳನ್ನು ಅವಳು ಸರಿಪಡಿಸಿಲ್ಲ.

ಇನ್ನೂ ಆಗಿರದ ಆ ಹತ್ತು ನಿಮಿಷದಲ್ಲಿ
ಮೀನಿನ ಕೈ ತೊಳೆಯಬಹುದು,
ಒಂದು ಕಪ್ ಚಹಾಕ್ಕೆ ನೀರಿಡಬಹುದು,
ಪೆನ್ಸಿಲನ್ನು ಬಿಡಿಸಿಕೊಳ್ಳಬಹುದು
ಒಂದೊಂದೇ ಬೆರಳಿನಿಂದ.
ಎಷ್ಟು ಬಿಗಿ ಹಿಡಿದಿದೆ ಮಗು.