ಸಾಕು

"ಸಾಕಾ?" ಎಂದರು ಲೋಲಾಕ್ಷಿಯಕ್ಕ ಸುರಂಗದ ಒಳಗಿಂದ.
ಉಸಿರು ಹಿಡಿಯಿರಿ ಎಂದು ಯಂತ್ರ ಇಂಗ್ಲಿಷಿನಲ್ಲಿ ಹೇಳಿತ್ತು,
ನಾನು ಗಾಜಿನಾಚೆಯಿಂದ ತುಳುವಿನಲ್ಲಿ.
ಬಿಡಿ ಎನ್ನಲು ಮರೆತಿದ್ದೆ.
ತಡೆಯುವಷ್ಟು ತಡೆದು, ಕೊನೆಗೆ ಕೇಳಿದ್ದು.

ಕಂಕನಾಡಿಯ ಈ ನೆಲಮಾಳಿಗೆಯಲ್ಲಿ
ಹಗಲು ರಾತ್ರಿ ಒಂದೇ, ಏಸಿ ಮಾತ್ರ ಕೆಮ್ಮುತ್ತದೆ.
ಅಕ್ಕ ಬೀಡಿ ಕಟ್ಟಿದವರಲ್ಲ, ಸೇದಿದವರೂ ಅಲ್ಲ.
ಹದಿನಾರರಿಂದ ಗೇರುಬೀಜದ ಫ್ಯಾಕ್ಟರಿ;
ಸಿಪ್ಪೆಯ ಎಣ್ಣೆ ತಿಂದು ಬೆರಳಲ್ಲಿ ಗೆರೆಗಳೇ ಉಳಿದಿಲ್ಲ.
ಕೌಂಟರಿನ ಆಧಾರ್ ಯಂತ್ರ ಮೂರು ಸಲ ಒಲ್ಲೆ ಎಂದಿತಂತೆ.
"ನಾನು ನಾನೇ ಅಲ್ಲವಂತೆ ಮಾರಾಯ್ರೆ"
ಮಲಗುವ ಮೊದಲು ನಕ್ಕಿದ್ದರು.

ಪರದೆಯಲ್ಲಿ ಬಲ ಶ್ವಾಸಕೋಶ, ಮೇಲಿನ ಭಾಗ.
ಹತ್ತು ಮಿಲಿಮೀಟರ್.
ಕಪ್ಪಲ್ಲ, ಪೂರ್ತಿ ಬಿಳಿಯೂ ಅಲ್ಲ,
ಸ್ಟೇಟ್‌ಬ್ಯಾಂಕಿನಿಂದ ಹೊರಟ ಬಸ್ಸಿನ ಗಾಜಿಗೆ
ಯಾವುದೋ ಮಗು ಬಾಯಿಟ್ಟು ಊದಿದಷ್ಟು ಮಬ್ಬು.

ಹಳೆಯದನ್ನು ಹುಡುಕಿದೆ.
ಐದು ವರ್ಷದ ಹಿಂದೆ, ಟ್ಯಾಂಕಿಯ ಏಣಿಯಿಂದ ಬಿದ್ದಾಗಿನದು.
ಏಳನೇ ಪಕ್ಕೆಲುಬು ಬಿರುಕು, ಬೇರೆ ಎಂತ ಇಲ್ಲ.
ಇತ್ತು. ಅದೇ ಜಾಗ. ಮೂರು ಮಿಲಿಮೀಟರ್.
ಮೂಲೆಯಲ್ಲಿ ನನ್ನ ಹೆಸರಿನ ಎರಡಕ್ಷರ.
ಅಂದು ನಾವೆಲ್ಲ ಎಲುಬು ನೋಡುತ್ತಿದ್ದೆವು.

ವರ್ಷಕ್ಕೊಮ್ಮೆ ಇಮ್ಮಡಿ ಎಂದಿಟ್ಟುಕೊಂಡರೆ,
ಒಂದು ಎರಡಾಗಿ, ಎರಡು ನಾಲ್ಕಾಗಿ,
ಇಷ್ಟಾಗಲು ಮೂವತ್ತು ವರ್ಷ.
ಲೆಕ್ಕ ಅಷ್ಟು ನೇರ ನಡೆಯುವುದಿಲ್ಲ, ಗೊತ್ತು.
ಆದರೂ ಒಂದು ದಿನ ಇದ್ದಿರಲೇಬೇಕು.
ಅಕ್ಕನಿಗೆ ಇಪ್ಪತ್ತೆಂಟು, ಬಹುಶಃ ಮಂಗಳವಾರ,
ಬಂಗುಡೆ ಅಗ್ಗವೆಂದು ಎರಡು ಹೆಚ್ಚು ಕೊಂಡ ದಿನ
ಒಂದು ಜೀವಕೋಶ ತನ್ನನ್ನೇ ನಕಲು ಮಾಡುತ್ತ
ಒಂದಕ್ಷರ ತಪ್ಪಿ ಬರೆಯಿತು.
ಅಂಥ ತಪ್ಪು ದಿನವೂ ಆಗುತ್ತದೆ,
ದಿನವೂ ಅಳಿಸುವವರೂ ಒಳಗೆ ಇದ್ದಾರೆ.
ಇದು ಅವರ ಕಣ್ಣು ತಪ್ಪಿತು.

ತಪ್ಪಿದ್ದು ಸಾಕು ಎಂಬ ಮಾತು.
ಕನ್ನಡದಲ್ಲಿ ಅದು ಎರಡು ಉಂಟು:
ನಿಲ್ಲು ಎನ್ನುವುದೊಂದು, ಪೊರೆ ಎನ್ನುವುದೊಂದು.
ಮೊದಲನೆಯದು ಮರೆತುಹೋಯಿತು ಅದಕ್ಕೆ.
ಎರಡನೆಯದನ್ನು ಮೈಯೆಲ್ಲ ಕೇಳಿಸಿಕೊಂಡಿತು.
ರಕ್ತ ಸಾಕಿತು. ಉಸಿರು ಸಾಕಿತು.
ಫ್ಯಾಕ್ಟರಿಗೆ ಓಡುವ ಮೊದಲು ನಿಂತೇ ಉಂಡ
ಗಂಜಿಯಲ್ಲೂ ಅದಕ್ಕೆ ಪಾಲಿತ್ತು.

ಜಗಳವಿಲ್ಲ. ಗೋಡೆ ಒಡೆಯಲಿಲ್ಲ.
ಗಾಳಿಚೀಲದ ಗೋಡೆಗುಂಟ
ಸುಣ್ಣ ಬಳಿದ ಹಾಗೆ ಹಬ್ಬುತ್ತ
ಚಾಲಗೇಣಿಗೆಂದು ಬಂದದ್ದು
ಮೂಲಗೇಣಿಯ ಕಾಗದ ಮಾಡಿಸಿಕೊಂಡಿತು.
ನೋವೂ ಇಲ್ಲ. ಅಲ್ಲಿ ನೋಯುವ ನರವೇ ಇಲ್ಲವಂತೆ.

"ಎಂತ ಕಂಡಿತು?"
ಡಾಕ್ಟ್ರು ಹೇಳ್ತಾರೆ ಎಂದೆ. ನಿಯಮ ಅದು.
ಸಣ್ಣದು, ಕತ್ತರಿಸಿ ತೆಗೆಯುವಷ್ಟು ಸಣ್ಣದು ಇರಬಹುದು
ಎಂಬ ಮಾತು ನಾಲಗೆಯವರೆಗೆ ಬಂದು ನಿಂತಿತು.
ಹೊಗೆಯದ್ದೋ, ಎಣ್ಣೆಯದ್ದೋ, ಯಾರದ್ದೂ ಅಲ್ಲವೋ,
ಅದು ಡಾಕ್ಟರಿಗೂ ತಿಳಿಯಲಿಕ್ಕಿಲ್ಲ.

ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟೆ.
ಹಳೆಯದರ ಚುಕ್ಕೆಗೂ ಬಾಣದ ಗುರುತು ಹಾಕಿದೆ.
ಮೂಲೆಯ ಎರಡಕ್ಷರ ಅಳಿಸಲು ಗುಂಡಿ ಇತ್ತು.
ಮುಟ್ಟಲಿಲ್ಲ.
ಗಾಜಿನಾಚೆ ಅಕ್ಕ ಬಗ್ಗಿ
ಮೇಜಿನಡಿ ಚಪ್ಪಲಿ ಹುಡುಕುತ್ತಿದ್ದರು.
ಒಂದು ಸಿಕ್ಕಿತ್ತು.