ಅಜವಾನದ ಗಂಟು

ಗುಳೇದಗುಡ್ಡ. ರಾತ್ರಿ ಎರಡು. ಕರೆಂಟಿಲ್ಲ.
ಸಂಜೀಕ ತಿಂದ ಆರು ಮಿರ್ಚಿಭಜಿ
ಹೊಟ್ಟ್ಯಾಗ ಲಾಳಿ ಹೊಡದಾವು, ಖಟಕ್, ಖಟಕ್.

ನೀಲವ್ವ ಕಮತಗಿಗೆ, ತಂಗೀ ಬಾಣಂತನಕ್ಕ.
ನನ್ನ ಅಡಗೀಮನ್ಯಾಗ ನಾನೇ ಹೊಸಾ ಬೀಗರಂಗ
ಡಬ್ಬಿ ಡಬ್ಬಿ ಮೂಸೀನಿ:
ಸಾಸವಿ, ಮೆಂತ್ಯಾ,
ಆಮ್ಯಾಲ ಖಾರಪುಡಿ.
ಸೀನಿದ ಸೀನಿಗೆ ನೋವೂ ಮರತೀತು ಒಂದಗಳಿಗಿ.

ಫೋನ್ ಹಚ್ಚಿದೆ. ನಿದ್ದಿಗಣ್ಣಾಗ ಅಂದಳು:
‘ಉಪ್ಪಿನ ಗಡಗೀ ಹಿಂದ, ಅರಿವ್ಯಾಗ ಕಟ್ಟೇನಿ.
ಒಂದ್ ಚಿಮಟಿ. ಉಪ್ಪು ಹಚ್ಚಿ ಅಗದು
ಬಿಸಿನೀರು ಕುಡಿ.
ಇನ್ನ ತಿಂತಿ ಆರು?’

ಟಾರ್ಚಿನಾಗ ಗಂಟು ಬಿಚ್ಚಿದೆ.
ಅರಿವಿ ಅಲ್ಲದು, ಖಣ.
ನಾ ನೇದ ಮೊದಲನೇದು,
ಒಂದು ಹೂವಿಗೆ ಎಳಿ ತಪ್ಪಿ
ಸಾವಕಾರ ತಿರುಗಿ ಒಗದದ್ದು.

ಅಜವಾನ ಸುಡುಸುಡು ಇಳೀತು.
ಢರ್ರಂತ ತೇಗು.
ಗಂಟು ಮತ್ತ ಕಟ್ಟಿದೆ,
ಆಕಿ ಕಟ್ಟಿದಂಗ ಬರಲಿಲ್ಲ.