ಒಂದು ಸುತ್ತು

ಬೆಳಿಗ್ಗೆ ಜಲ್ಲಿಗುಂಡಿಯಲ್ಲಿ ರೋಲಂಡನ ಪಾಠ.
ಮಧ್ಯಾಹ್ನ ಮೂರರ ಮೇಲೆ ಅದೇ ಕಾಲೇಜಿನ ನೆಲಮಾಳಿಗೆಯಲ್ಲಿ
ಹ್ಯಾಲ್ವರ್ಸನ್ ಮೇಡಮ್ಮಿನ ಪಾಠ.
ನಡುವೆ ಕೈ ತೊಳೆಯಲು ಹನ್ನೆರಡು ನಿಮಿಷ.
ಗ್ರೀಸು ಸುಲಭಕ್ಕೆ ಎದ್ದು ಹೋಗುವ ನೆಂಟನಲ್ಲ;
ಉಗುರಿನ ಸಂದಿಯಲ್ಲಿ ಕೂತು
ಎರಡೂ ಕ್ಲಾಸಿಗೆ ಹಾಜರಿ ಹಾಕುತ್ತದೆ.

ಎರಡೂ ಯಾಕೆ ಎಂದು ಅರ್ಜಿಯಲ್ಲಿ ಕೇಳಿದ್ದರು.
ಒಂದಕ್ಕೆ ಸಂಬಳವಿದೆ, ಇನ್ನೊಂದಕ್ಕೆ ಹೀಟರಿದೆ, ಎಂದು ಬರೆದೆ.
ಯೂಕಾನಿನ ಜನವರಿ ಕಂಡವರಿಗೆ ಇದು ತಮಾಷೆಯಲ್ಲ.

ಸೆಪ್ಟೆಂಬರಿನಲ್ಲಿ, ಮಣ್ಣು ಇನ್ನೂ ಮೆತ್ತಗಿದ್ದಾಗ,
ರೋಲಂಡ್ ಹಳೇ ಟಯರಿನ ಮೇಲೊಂದು ಕೋಳಿಮೊಟ್ಟೆ ಇಟ್ಟ.
"ಬಕೆಟ್ಟಿನ ಹಲ್ಲಿನಿಂದ ಮುಟ್ಟು. ಒಡೆದರೆ ನಿನ್ನ ತಿಂಡಿ ಹೋಯಿತು."
ಇಪ್ಪತ್ತೆರಡು ಟನ್ನು ಕಬ್ಬಿಣ,
ಎರಡು ಲಿವರು, ನಡುವೆ ನಲವತ್ತಾರು ವಯಸ್ಸಿನ ನಾನು.
ಏಳು ಮೊಟ್ಟೆ ಹೋದವು.
ಎಂಟನೆಯದು ಹಲ್ಲು ತಾಗಿ ಕೊಂಚ ಹೊರಳಿ
ಸುಮ್ಮನಾಯಿತು,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಕೂಸಿನ ಹಾಗೆ.

ಕೆಳಗೆ, ತುಕ್ಕು ಹಿಡಿದ ಗುಂಡುಪಿನ್ನುಗಳು.
ಎಳೆಯಬಾರದು. ಕಾಗದಕ್ಕೆ ಗೊತ್ತಾಗದ ಹಾಗೆ ಬಿಡಿಸಬೇಕು.
"ಕೈ ಇಷ್ಟು ಹಗುರ ಹೇಗಾಯಿತು?" ಮೇಡಮ್ ಕೇಳಿದರು.
ಮೊಟ್ಟೆ, ಎಂದೆ.
ಅವರು ಕನ್ನಡಕ ಸರಿಮಾಡಿಕೊಂಡರು.

ಹದಿನಾಲ್ಕನೇ ಪೆಟ್ಟಿಗೆಯಲ್ಲಿ ಆ ಫೋಟೋ.
ಯುದ್ಧದ ವರ್ಷ; ಅಲಾಸ್ಕದ ಕಡೆ ಹೆದ್ದಾರಿ ಕಡಿಯುತ್ತಿದ್ದ ಕಾಲ.
ಹಿಂಬದಿಗೆ ಪೆನ್ಸಿಲ್ಲಿನಲ್ಲಿ:
"ಬುಲ್‌ಡೋಜರ್, ಡಿ-ಎಂಟು", ಪಕ್ಕದಲ್ಲಿ ಅದರ ಉದ್ದನೆಯ ನಂಬರು,
"ಜೊತೆಗೆ ಸ್ಥಳೀಯ ಕೂಲಿ".
ಕಬ್ಬಿಣವನ್ನು ಅಷ್ಟು ವಿಚಾರಿಸಿಕೊಂಡವರು
ಮನುಷ್ಯನನ್ನು ನೀನು ಯಾರು ಎಂದು ಕೇಳಲಿಲ್ಲ.
ನನಗೋ ಆ ಇಳಿದ ಎಡಭುಜ ಗುರುತು.
ನಮ್ಮ ಮನೆಯ ಕೋಟುಗಳೆಲ್ಲ ಆ ಕಡೆಯೇ ಸವೆಯುತ್ತವೆ.

ಭುಜ ಸಾಕ್ಷಿಯಾಗುವುದಿಲ್ಲವಂತೆ.

ಗುರುವಾರ ಎಲ್ಡಾ ಅತ್ತೆಯನ್ನು ಕರೆತಂದೆ.
ದಫ್ತರದ ಒಳಗೆ ಟೀ ಬಿಡುವುದಿಲ್ಲ,
ಟೀ ಇಲ್ಲದ ಕಡೆ ಅತ್ತೆ ಬಾಯಿ ಬಿಡುವುದಿಲ್ಲ.
ಪ್ರತಿ ತೆಗೆದು ಕಾರಿಡಾರಿಗೇ ತಂದುಕೊಟ್ಟೆವು.
ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು,
ಆ ನಗುವಿನಲ್ಲಿ ಖುಷಿ ಇರಲಿಲ್ಲ.

"ಕೂಲಿಯಂತೆ! ನಮ್ಮ ದೊಡ್ಡಪ್ಪ ಮೋಸೆಸ್
ಒಂದು ದಿನವೂ ಇವರ ಕೂಲಿ ಮಾಡಿದವನಲ್ಲ.
ಅವನ ಬೆನ್ನ ಹಿಂದೆ ಈ ಕಪ್ಪು ಗೆರೆ ನೋಡು,
ಅದು ಮೀನು ಒಣಗಿಸುವ ಅಟ್ಟ.
ಅವನು ಫೋಟೋಕ್ಕೆ ನಿಂತದ್ದಲ್ಲ ಹುಡುಗಿ,
ಅಡ್ಡ ನಿಂತದ್ದು."

ಆಮೇಲೆ?

"ಆಮೇಲೇನು, ರಸ್ತೆಯಾಯಿತು.
ಈವತ್ತು ನನ್ನನ್ನು ಕರೆತಂದೆಯಲ್ಲ,
ಅದರ ಮೇಲೇ."

ಹಳೆಯ ಬರಹ ಅಳಿಸುವ ಹಾಗಿಲ್ಲ; ತಪ್ಪೂ ದಾಖಲೆಯೇ.
ವಿವರದ ಹಾಳೆಯಲ್ಲಿ ಅದರ ಕೆಳಗೆ ಹೆಸರು ಬರೆದೆ.
'ಮೂಲ' ಎಂಬ ಕಾಲಮ್ಮಿನಲ್ಲಿ:
ಎಲ್ಡಾ, ತಮ್ಮನ ಮಗಳು. ಕಾರಿಡಾರಿನಲ್ಲಿ, ಟೀ ಕುಡಿಯುತ್ತ.
ಮೇಡಮ್ ಪೆನ್ನೆತ್ತಿದರು. 'ಟೀ' ಹೊಡೆಯುತ್ತಾರೆಂದುಕೊಂಡೆ.
ದಿನಾಂಕ ಸೇರಿಸಿದರು, ಅಷ್ಟೇ.

ಶುಕ್ರವಾರ ಮೈನಸ್ ಇಪ್ಪತ್ತೆಂಟು.
ಬುಲ್‌ಡೋಜರ್ ನನ್ನ ಪಾಳಿಗೆ ಬಂತು.
ಹತ್ತುವ ಮೊದಲು ಒಂದು ಸುತ್ತು ಬರಬೇಕು, ಅದು ನಿಯಮ:
ಚೈನಿನ ಬಿಗಿ, ಹೋಸಿನ ಬಿರುಕು, ಎಣ್ಣೆಯ ಮಟ್ಟ,
ಬ್ಲೇಡಿನ ಅಂಚು.
ಬ್ಲೇಡಿನ ಮುಂದೆ ಬಂದಾಗ ಕಾಲು ನಿಂತಿತು.
ಅಲ್ಲಿಂದ ಯಂತ್ರ ಹೇಗೆ ಕಾಣುತ್ತದೆಂದು
ಈ ಮೂರು ತಿಂಗಳಲ್ಲಿ ನಾನು ತಲೆಯೆತ್ತಿ ನೋಡಿರಲಿಲ್ಲ.

"ಏನು ಹುಡುಕುತ್ತೀ?" ರೋಲಂಡ್ ಕೂಗಿದ.
ಯಾರಾದರೂ ಇದ್ದಾರೆಯೇ ಅಂತ.
"ಇದ್ದಾರೆಯೇ?"

ಮೇಲೆ ಹತ್ತಿದೆ. ಮುಂದೆ ಹೋಗುವುದಕ್ಕೆ ಹಾರ್ನು ಎರಡು ಸಲ.
ಒಂದು ಸಲ ಒತ್ತಿ,
ಬೆರಳು ಅಲ್ಲೇ ಇಟ್ಟುಕೊಂಡು,
ಕಾದೆ.